ಬೆಳಗಾವ್ಯಾಗ ಲಾರ್ಡ್ ಆಫ್ ದಿ ರಿಂಗ್ಸ್ ಮೂರೂ ಪಾರ್ಟ್ ಒಂದ ದಿವಸ ಕುಂತು ನೋಡಿದವ್ರು ಯಾರ್ಯಾರ್ ಅದೀರಿ, ಬರ್ರಿ ಮಾತಾಡೂಣು

ಟಿಳಕವಾಡಿ ಟಾಕೀಸ್:
ಮೂರೂ ಪಾರ್ಟ್ ಒಂದ ದಿನದಾಗ ನೋಡೂದಂದ್ರ ತಲಿ ಕೆಟ್ಟವ್ರ ಕೆಲಸ ಅಂತ ನಮ್ಮ ಆಫೀಸಿನ್ಯಾಗ ಎಲ್ಲಾರೂ ಅಂದ್ರು, ಆದ್ರ ನಾ ಈಗ ಎದಿ ಮುಟ್ಟಿ ಹೇಳ್ತೀನಿ, ಈ ಪಿಕ್ಚರ್ ನೋಡೂ ಖರೇ ಪದ್ಧತಿ ಇದ. ಟಿವ್ಯಾಗ ತುಂಡ ತುಂಡ ನೋಡೀನಿ, ಲ್ಯಾಪ್‌ಟಾಪಿನ್ಯಾಗ ನೋಡೀನಿ, ಅರ್ಧ ಡೈಲಾಗ್ ಬಾಯಿಪಾಠ ಆಗ್ಯಾವು. ಅಷ್ಟಾದ್ರೂ ಹೋದ ಐತವಾರ ದೊಡ್ಡ ಪರದಾ ಮ್ಯಾಲ ಒಂದರ ಬೆನ್ನಿಗೆ ಒಂದು ನೋಡಿದಾಗ ಕಂಡಿದ್ದು ಬ್ಯಾರೇನ ಐತಿ.

ಮೊದಲ ಲೆಕ್ಕಾ ಹೇಳಿಬಿಡ್ತೀನಿ. ಒಂದನೇದು 178 ನಿಮಿಷ, ಎರಡನೇದು 179, ಮೂರನೇದು 201, ಕೂಡಿಸಿದ್ರ 9 ತಾಸು 18 ನಿಮಿಷ. ಇದು 2001, 2002, 2003ರಾಗ ಥೇಟರಿಗೆ ಬಂದ ವರ್ಷನ್ನಿಂದು, ಬಿಟ್ಟ ಸೀನ್ ಕೂಡಿಸಿ ಉದ್ದ ಮಾಡಿದ ಎಕ್ಸ್‌ಟೆಂಡೆಡ್ ವರ್ಷನ್ ಹಿಡದ್ರ 11 ತಾಸು ದಾಟ್ತೈತಿ. ಮುಂಜಾನೆ ಒಂಬತ್ತಕ್ಕ ಚಾಲೂ ಆತು, ನಡುವ ಊಟಕ್ಕೊಮ್ಮೆ ಚಾಕ್ಕೊಮ್ಮೆ ಬಿಟ್ರು, ಹೊರಗ ಬರೂದ್ರಾಗ ರಾತ್ರಿ ಎಂಟು ಹೊಡದು ಹೋಗಿತ್ತು.

ನನಗ ಹೊಳದ ಮುಖ್ಯ ಮಾತು ಇದು. ಮೂರನೇ ಪಾರ್ಟಿನ ಬಗ್ಗೆ ಎಲ್ಲಾರೂ ಒಂದ ತಕರಾರ ತಗೀತಾರಲ್ರಿ, ಮುಗೀತು ಅನ್ನೂದ್ರಾಗ ಮತ್ತೊಂದು ಎಂಡಿಂಗ್, ಅದು ಮುಗೀತು ಅಂದ್ರ ಇನ್ನೊಂದು, ಎಷ್ಟ್ ಎಳೀತಾನಪ್ಪ ಅಂತ. ಬರೇ ಮೂರನೇದೊಂದ ನೋಡಿದ್ರ ಹಂಗ ಅನ್ನಸ್ತೈತಿ, ಒಪ್ಪಗೋತೀನಿ. ಆದ್ರ ಮುಂಜಾನೆ ಹಾಬಿಟ್ ಅನ್ನೂ ಗಿಡ್ಡ ಜಾತಿಯ ಆ ನಾಕೂ ಹುಡುಗ್ರನ್ನ ಅವ್ರ ಊರು ಶೈರ್‌ನ್ಯಾಗ ನಕ್ಕೋತ ಕುಡಕೋತ ಕುಣಿಯೂದು ನೋಡಿ, ಅದ ದಿನಾ ಸಂಜಿಕಡೆ ಅದ ನಾಕು ಮಂದಿ ಹೊಳ್ಳಿ ಬಂದು ಅದ ಊರಾಗ ಅದ ಕುಡಿಯೂ ಅಂಗಡ್ಯಾಗ ಸುಮ್ಮನ ಒಬ್ರ ಮಾರಿ ಒಬ್ರು ನೋಡಕೋತ ಕುಂತಿದ್ದು ನೋಡಿದ್ರ, ಅದು ಎಳದಂಗ ಅನ್ನಸಂಗಿಲ್ಲ. ಸುತ್ತ ಮಂದಿ ಗದ್ದಲ ಹಾಕಾತಿರ್ತಾರ, ಇವ್ರು ಎಲ್ಲಿ ಹೋಗಿ ಏನ್ ಮಾಡಿ ಬಂದ್ರು ಅಂತ ಆ ಊರಾಗ ಒಬ್ಬಾವ್ಗೂ ಗೊತ್ತಿಲ್ಲ. ಅದನ್ನ ಬಲ್ಲವ್ರು ಅಂದ್ರ ಅವ್ರ ನಾಕು ಮಂದಿ, ಮತ್ತ ಮುಂಜಾನಿಂದ ಅವ್ರ ಜೋಡಿ ಕುಂತ ನಾವು. ನನ್ನ ಬಾಜೂಕ ಕುಂತಾವ ಯಾರೋ ಗೊತ್ತಿಲ್ಲ, ಆಂವ ಕಣ್ಣ ಒರಸ್ಕೊಳ್ಳಾಕತ್ತಿದ್ದ.

ಇದು ಹಿಂಗ ಕೂಡಿ ಬರಾಕ ಕಾರಣಾನೂ ಐತಿ. ಡೈರೆಕ್ಟರ್ ಪೀಟರ್ ಜಾಕ್ಸನ್ ಮೂರೂ ಪಿಕ್ಚರ್ ನ್ಯೂಜಿಲೆಂಡಿನ್ಯಾಗ ಒಟ್ಟಿಗೆ ಶೂಟ್ ಮಾಡಿದ್ರು, 1999ರ ಅಕ್ಟೋಬರ್‌ದಿಂದ 2000ದ ಡಿಸೆಂಬರ್ ತನಕ. ಆಮ್ಯಾಲ ವರ್ಷಾ ಸ್ವಲ್ಪ ಸ್ವಲ್ಪ ಹೊಸಾ ಸೀನ್ ತಗೊಂಡ್ರು ಖರೆ, ಆದ್ರ ಮೂಲ ಕೆಲಸ ಒಂದ ಗುಕ್ಕಿನ್ಯಾಗ ಆಗಿದ್ದು. ಹಂಗಾಗಿ ಮಾರಿ, ದನಿ, ಅರಬಿ, ಬೆಳಕು ಎಲ್ಲಿಯೂ ಹರಕೊಳ್ಳಂಗಿಲ್ಲ. ಬ್ಯಾರೆ ಸೀರೀಸ್‌ನ್ಯಾಗ ಹುಡುಗ್ರು ಪಾರ್ಟಿನಿಂದ ಪಾರ್ಟಿಗೆ ದೊಡ್ಡಾವರಾಗಿಬಿಡ್ತಾರ, ಇಲ್ಲಿ ಆ ನಾಕು ಹಾಬಿಟ್‌ರಾಗಿನ ಫ್ರೋಡೋ ಬಡಕಾಗೂದು ಕಥಿಯೊಳಗ ಆಂವ ಹೊತ್ತ ಉಂಗುರದ ಭಾರಕ್ಕ.

ನಿಮ್ಮ ಅನುಭವ ಹೇಳ್ರಿ. ಥೇಟರ್ ಹೆಸರು ಹಾಕೂದು ಬ್ಯಾಡ, ಆ ಕಡೆ ಜಗಳಾ ಹೋಗೂದು ಬ್ಯಾಡ.

ಕೋಟಿಕೆರಿ ಕಡೇಂವ:
ನಾನೂ ಅದ ಶೋಕ್ಕ ಇದ್ನಿ ಅಣ್ಣಾ, ಹಿಂದಿನ ಸಾಲಿನ್ಯಾಗ. ನೀವು ಹೇಳಿದ್ದು ಒಂದೊಂದು ಅಕ್ಷರ ಖರೆ. ಆದ್ರ ಒಂದು ಸಿಟ್ಟು ಇನ್ನೂ ಆರಿಲ್ಲ ನನಗ. ಫ್ರೋಡೋನ ಹಡಗು ಹೋತು, ಆಂವನ ಗೆಳೆಯಾ ಸ್ಯಾಮ್ ಮನಿಗಿ ಬಂದ, ಬಾಗಲಾ ಮುಚ್ಚಿತು, ಅಲ್ಲಿಗೇ ಥೇಟರಿನವ್ರು ಪಟ್ಟನ ಲೈಟ್ ಹಚ್ಚಿ ಪಿಕ್ಚರ್ ಕಟ್ ಮಾಡಿಬಿಟ್ರಲ್ರಿ. ಗಾಯಕಿ ಆ್ಯನಿ ಲೆನಾಕ್ಸ್ ಹಾಡು ಬರೂದು ಅಲ್ಲಿಂದನ, ಆ ಹಾಡಿಗೂ ಆಸ್ಕರ್ ಬಂದೈತಿ. ಕ್ರೆಡಿಟ್ಸ್ ಜೋಡಿ ಚಿತ್ರಗಾರ ಆ್ಯಲನ್ ಲೀ ಪೆನ್ಸಿಲಿನ್ಯಾಗ ಬರದ ಎಲ್ಲಾ ನಟರ ಮಾರಿ ಒಂದೊಂದಾಗಿ ಬರ್ತಾವು, ಇಯಾನ್ ಮೆಕೆಲನ್, ವಿಗೊ ಮಾರ್ಟೆನ್ಸನ್, ಶಾನ್ ಆಸ್ಟಿನ್, ಎಲ್ಲಾರೂ. ಒಂಬತ್ತು ತಾಸು ಕುಂತವ್ರಿಗೆ ಮತ್ತ ಹತ್ತು ನಿಮಿಷ ಕುಂದ್ರಾಕ ಏನ್ ತ್ರಾಸ? ಮಂದಿ ಕೂಗಿದ್ರು, ಯಾರೂ ಕಿವಿ ಮ್ಯಾಲ ಹಾಕ್ಕೊಳ್ಳಿಲ್ಲ, ಕಸಬರಿಗಿ ಹಿಡಕೊಂಡು ಒಳಗ ಬಂದ್ರು. ಆ ಹುಡುಗ್ರದೇನೂ ತಪ್ಪಿಲ್ಲ, ಮುಂದಿನ ಶೋಕ್ಕ ಸ್ವಚ್ಛ ಮಾಡಬೇಕಲ್ಲ. ಹಂಗ ಟೈಮ್ ಟೇಬಲ್ ಹಾಕಿದವ್ರಿಗೆ ಅನ್ನಬೇಕು.

ಗುಮ್ಮಟದೂರು:
ವಿಜಯಪುರದಿಂದ ಬರೀಲತ್ತೀನಿ. ನಿಮ್ಮ ಖುಷಿಗೆ ಅಡ್ಡ ಬರೂದಿಲ್ಲ ಸರ, ಆದ್ರ ನಾ ಒಪ್ಪೂದಿಲ್ಲ. ಆ ಪಿಕ್ಚರ್ ಮಾಡಿದ್ದ ಒಂದೊಂದು ವರ್ಷ ಗ್ಯಾಪ್ ಕೊಟ್ಟು ನೋಡ್ಲಿ ಅಂತ. ಮೂರೂ ಡಿಸೆಂಬರಿನ್ಯಾಗ ಬಂದ್ವು. ಮಂತ್ರವಾದಿ ಗ್ಯಾಂಡಾಲ್ಫ್ ಬ್ರಿಜ್ ಮ್ಯಾಲಿಂದ ಬಿದ್ದಮ್ಯಾಲ ಒಂದು ವರ್ಷ ಏನಾತೋ ಏನಾತೋ ಅಂತ ಕಾಯೂದು ಅದ ಅಲಾ, ಅದೂ ಪಿಕ್ಚರಿನ ಒಂದು ಭಾಗನ. ಹಿಂಗ ಒಂದರ ಬೆನ್ನಿಗೆ ಒಂದು ನೋಡೂ ಮ್ಯಾರಥಾನ್‌ದಾಗ ಆಂವ ಮಧ್ಯಾಹ್ನ ಊಟದಕಿಂತ ಮೊದಲ ಬೀಳ್ತಾನ, ಊಟಾ ಮಾಡಿ ಬಂದು ಕುಂದ್ರೂದ್ರಾಗ ಎರಡನೇ ಪಾರ್ಟ್ ಅಲ್ಲಿಂದನ ಚಾಲೂ ಆಗ್ತದ, ಇನ್ನೊಂದು ತಾಸಿನ್ಯಾಗ ಬಿಳಿ ಅರಬಿ ಹಾಕ್ಕೊಂಡು ಎದ್ದು ಬರ್ತಾನ. ದುಃಖ ಪಡಾಕ ಪುರಸೊತ್ತ ಸಿಗೂದಿಲ್ಲ. ಮತ್ತ ಒಂದು, ದಣದ ಕಣ್ಣೀಲೆ ಮೂರನೇದ್ರಾಗಿನ ಪೆಲೆನೋರ್ ಯುದ್ಧ ನೋಡೂದು ಆ ಯುದ್ಧಕ್ಕ ಮಾಡೂ ಅನ್ಯಾಯ.

ಟಿಳಕವಾಡಿ ಟಾಕೀಸ್:
ಗುಮ್ಮಟದೂರು ಸರ, ಗ್ಯಾಂಡಾಲ್ಫ್ ಮಾತು ಒಪ್ಪಿದೆ, ಅಲ್ಲಿ ಖರೇನ ನಷ್ಟ ಆಗ್ತೈತಿ. ಕಾಯೂದ್ರಾಗೂ ಒಂದು ಸುಖ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ದಣಿವಿನ ಮಾತು ನಾ ಉಲ್ಟಾ ಹೇಳ್ತೀನಿ. ವೈರಿ ನಾಡು ಮಾರ್ಡೋರ್‌ನ್ಯಾಗ ಉಂಗುರ ಸುಡಾಕ ಬಂದ ಫ್ರೋಡೋ ಸ್ಯಾಮ್ ಇಬ್ರೂ ನೀರಿಲ್ದ, ಕೂಳಿಲ್ದ, ತೆವಳಕೋತ ಹೊಂಟಾಗ ನಮಗೂ ಬೆನ್ನು ಹಿಡದಿತ್ತು, ಕಾಲು ಜೋಮು ಹಿಡದಿತ್ತು, ಕಣ್ಣು ಉರೀತಿತ್ತು. ಸ್ಯಾಮ್ ಆತನ್ನ ಹೆಗಲ ಮ್ಯಾಲ ಹಾಕ್ಕೊಂಡು ಗುಡ್ಡಾ ಹತ್ತಾಕ ಸುರು ಮಾಡಿದಾಗ ಇಡೀ ಥೇಟರಿನ್ಯಾಗ ಒಂದು ಉಸರು ಬಿಟ್ಟ ಸಪ್ಪಳ ಕೇಳಸ್ತು. ಮನ್ಯಾಗ ಸೋಫಾದ ಮ್ಯಾಲ ಅಡ್ಡಾಗಿ ನೋಡಿದಾಗ ಅದು ಬರೇ ಒಂದು ಸೀನ್. ಅಲ್ಲಿ ಹಂಗ ಇರಲಿಲ್ಲ ಸರ. ಫ್ರೆಶ್ ಆಗಿ ಬಂದು ಮೂರನೇದೊಂದ ನೋಡಿದವ್ರಿಗೆ ಆ ದಣಿವು ಪರದಾ ಮ್ಯಾಲ ಇರ್ತೈತಿ, ಮೈಯಾಗ ಇರಂಗಿಲ್ಲ.

ಹಳೇ ಆಪರೇಟರ್:
ಮಕ್ಕಳ್ರ್ಯಾ, ನಾ ಥೇಟರ್ ಕ್ಯಾಬಿನ್ನಿನ್ಯಾಗ ಜೀವನಾ ಸವಿಸಿದಾಂವ, ಎರಡು ಮಾತು ನಂದೂ ಇರ್ಲಿ. ರೀಲಿನ ಕಾಲದಾಗ ಇಂಥಾ ಶೋ ಮಾಡಬೇಕಂದ್ರ ಏನಾಗ್ತಿತ್ತು ಅಂತ ನಿಮಗ ಅಂದಾಜಿರಂಗಿಲ್ಲ. 35 ಎಂ.ಎಂ. ಫಿಲ್ಮು ನಿಮಿಷಕ್ಕ 90 ಅಡಿ ಓಡ್ತೈತಿ. ನೀವು ಹೇಳಿದ 9 ತಾಸು 18 ನಿಮಿಷಕ್ಕ ಐವತ್ತು ಸಾವಿರ ಅಡಿ ದಾಟ್ತೈತಿ, ಅಂದ್ರ ಹದಿನೈದು ಕಿಲೋಮೀಟರ್ ಫಿಲ್ಮು. ಒಂದೊಂದು ರೀಲು ಇಪ್ಪತ್ತು ನಿಮಿಷದ ಆಜುಬಾಜು, ಎರಡು ಪ್ರೊಜೆಕ್ಟರ್ ಬಾಜುಕ ಬಾಜು ಇಟಗೊಂಡು, ಪರದಾದ ಮೂಲ್ಯಾಗ ಚುಕ್ಕಿ ಬಂತಂದ್ರ ಇತ್ಲಾಗಿಂದು ಚಾಲೂ ಮಾಡಿ ಅತ್ಲಾಗಿಂದು ಬಂದ್ ಮಾಡಬೇಕು. ಚುಕ್ಕಿ ತಪ್ಪಿತು ಅಂದ್ರ ಪರದಾ ಬೆಳ್ಳಗ, ಕೆಳಗಿಂದ ಸೀಟಿ, ಬೈಗುಳ. ಹಿಂಗ ಮುಂಜಾನಿಂದ ರಾತ್ರಿತನಕ ಮೂರು ಇಂಗ್ಲಿಷ್ ಪಿಕ್ಚರ್ ಓಡಸೂದು ಅಂದ್ರ ಇಬ್ರು ಆಪರೇಟರ್ ಬೇಕಾಗ್ತಿದ್ರು, ಒಬ್ನ ಕೈಲೆ ಆಗೂದಲ್ಲ.

ಈಗ ಎಲ್ಲಾ ಹಾರ್ಡ್ ಡಿಸ್ಕಿನ್ಯಾಗ ಬರ್ತೈತಿ. ಆದ್ರ ಅದಕ್ಕೂ ಒಂದು ಕೀಲಿ ಇರ್ತೈತಿ, ಕೆ.ಡಿ.ಎಂ. ಅಂತಾರ. ಪಿಕ್ಚರ್ ಫೈಲಿಗೆ ಬೀಗಾ ಹಾಕಿರ್ತಾರ, ಆ ಕೀಲಿ ಇಂಥಾ ಥೇಟರಿನ ಇಂಥಾ ಸರ್ವರಿಗೆ, ಇಂಥಾ ತಾರೀಖು ಇಂಥಾ ಟೈಮಿನಿಂದ ಇಂಥಾ ಟೈಮಿನ ತನಕ ಅಂತ ಕಟ್ಟಿಕೊಟ್ಟಿರ್ತಾರ. ಟೈಮ್ ದಾಟಿತೋ ಪಿಕ್ಚರ್ ಓಪನ್ ಆಗಂಗಿಲ್ಲ. ಮೂರು ಪಿಕ್ಚರಿಗೆ ಮೂರು ಕೀಲಿ. ಹಂಗಾಗಿ ಮ್ಯಾರಥಾನ್ ಮಾಡೂ ಮ್ಯಾನೇಜರು ಹಿಂದಿನ ದಿನಾನ ಮೂರೂ ಫೈಲ್ ಹಚ್ಚಿ, ಕೀಲಿ ಕೂಡ್ತೈತೋ ಇಲ್ಲೋ, ಸಬ್‌ಟೈಟಲ್ ಬರ್ತಾವೋ ಇಲ್ಲೋ, ನೋಡಿ ಇಟಗೋಬೇಕು. ಕ್ರೆಡಿಟ್ಸ್ ಕಟ್ ಮಾಡಿದ್ರಂತ ಆ ತಮ್ಮ ಬರದಾನ, ನನಗೂ ಹೊಟ್ಟಿ ಉರೀತು. ಕ್ರೆಡಿಟ್ಸ್ ಅಂದ್ರ ಕೆಲಸಾ ಮಾಡಿದವ್ರ ಹೆಸರಪಾ. ಬಡಗ್ಯಾರು, ಲೈಟಿನವ್ರು, ಕುದುರಿ ಹಿಡದವ್ರು, ಎಲ್ಲಾರ ಹೆಸರು ಅಲ್ಲಿ ಇರ್ತಾವು. ನಾ ಕ್ಯಾಬಿನ್ನಿನ್ಯಾಗ ಇದ್ದಾಗ ಥೇಟರ್ ಖಾಲಿ ಆದ್ರೂ ಕಡೀ ಅಡಿತನಕ ಓಡಸ್ತಿದ್ದೆ.

ಕೋಟಿಕೆರಿ ಕಡೇಂವ:
ಕಾಕಾ, ನಿಮ್ಮಂಥವ್ರು ಇರಬೇಕಿತ್ತು ಅವತ್ತು. ಖರೇನ.

ಲೋಕಾಪುರ ಮಂದಿ:
ಈ ಚರ್ಚಾದಾಗ ಎಲ್ಲಾರೂ ಮ್ಯಾರಥಾನ್ ಅಂದ್ರ ಏನೋ ಫಾರಿನ್ನಿನಿಂದ ಬಂದ ಶೋಕಿ ಅನ್ನೂವಂಗ ಮಾತಾಡಾಕತ್ತೀರಿ. ನಮ್ಮ ಬಾಗಲಕೋಟಿ ಬೆಳಗಾವಿ ಸೀಮ್ಯಾಗ ರಾತ್ರಿ ಊಟಾ ಮಾಡಿ ಕೌದಿ ಹೊತಗೊಂಡು ಹೋಗಿ ಬೆಳಗ ಹರಿಯೂತನಕ ಶ್ರೀಕೃಷ್ಣ ಪಾರಿಜಾತದ ಆಟ ನೋಡಿದ ಮಂದಿ ನಾವು. ಕುಲಗೋಡ ತಮ್ಮಣ್ಣನ ಕಾಲದಿಂದ ಆಡ್ಕೋತ ಬಂದಿದ್ದದು, ಕೌಜಲಗಿ ನಿಂಗಮ್ಮನ ಪಾತ್ರ ಅಂದ್ರ ಹತ್ತಾರು ಹಳ್ಳಿ ಮಂದಿ ಚಕ್ಕಡಿ ಕಟಗೊಂಡು ಹೋಗ್ತಿದ್ರು ಅಂತ ನಮ್ಮ ಅಜ್ಜ ಹೇಳ್ತಿದ್ದ. ಬನಶಂಕರಿ ಜಾತ್ರಿಗೆ ಹೋದವ್ರಿಗೆ ಗೊತ್ತಿರ್ತೈತಿ, ನಾಟಕ ಕಂಪನಿಗಳು ಸಾಲಿಗೆ ಟೆಂಟ್ ಹಾಕಿ ಒಂದು ಶೋ ಮುಗಿಯೂದ್ರಾಗ ಇನ್ನೊಂದು ಶೋ, ರಾತ್ರಿ ಪೂರಾ, ಮಂದಿ ಒಂದು ಟೆಂಟಿನಿಂದ ಎದ್ದು ಇನ್ನೊಂದಕ್ಕ ಹೋಗ್ತಾರ. ಸಣ್ಣ ಹುಡುಗ್ರು ನಡುವ ಮಕ್ಕೋತಾವು, ರುಕ್ಮಿಣಿ ಸತ್ಯಭಾಮೆ ಜಗಳಾ ಬಂದಾಗ ಅವ್ವ ತಿವದು ಎಬಸ್ತಾಳ, ಯಾರೂ ಅದಕ್ಕ ತಪ್ಪು ಅನ್ನಂಗಿಲ್ಲ.

ಗುಮ್ಮಟದೂರು ಸರ ದಣದ ಕಣ್ಣು ಅಂದ್ರಲ್ಲ, ಪಾರಿಜಾತದಾಗ ಕಟ್ಟಕಡೀಕ ಬರೂ ಹಾಡು ಕೇಳಾಕ ಇಡೀ ರಾತ್ರಿ ಎದ್ದವ್ರಿಗೆ ಸಿಗೂ ಸುಖ, ನಸಿಕಿನ್ಯಾಗ ಎದ್ದು ಬಂದು ಅದೊಂದ ಕೇಳಿದವ್ರಿಗೆ ಸಿಗಂಗಿಲ್ಲ. ಅದಕ್ಕ ನಾ ಟಿಳಕವಾಡಿ ಅಣ್ಣಾರ ಪಾರ್ಟಿ. ಆದ್ರ ಪಾರಿಜಾತದಾಗ ಭಾಗವತ ಇರ್ತಾನ, ಮಂದಿ ತೂಕಡಸಾಕ ಹತ್ತಿದ್ರ ದೂತಿ ಜೋಡಿ ಒಂದು ಚಾಷ್ಟಿ ಮಾಡಿ ಎಬ್ಬಿಸಿ ಕುಂಡರಸ್ತಾನ. ಪಿಕ್ಚರ್ ಯಾರ ಸಲುವಾಗೂ ನಿಲ್ಲಂಗಿಲ್ಲ. ಆ ಕೆಲಸಾ ಥೇಟರಿನ ಬ್ರೇಕ್ ಮಾಡಬೇಕು, ಅದಕ್ಕ ಬ್ರೇಕ್ ದೊಡ್ಡದ ಇರಬೇಕು.

ಶಹಾಪುರದ ಅವ್ವ:
ಬ್ರೇಕ್ ಮಾತು ಬಂತಂತ ಬರೀತೀನಿ. ನಾ ನಮ್ಮ ಮಗನ್ನ ಕರಕೊಂಡು ಹೋಗಿದ್ದೆ, ಐದನೇತ್ತ ಓದ್ತಾನ. ಊಟಕ್ಕ ಒಂದು ತಾಸು ಅಂತ ಬೋರ್ಡ್ ಹಾಕಿದ್ರು, ಮೊದಲನೇದು ಲೇಟ್ ಆಗಿ ಮುಗದಿದ್ದಕ್ಕ ಅರ್ಧ ತಾಸಿಗೆ ಇಳಿಸಿದ್ರು. ಹೆಣ್ಣಮಕ್ಕಳ ಟಾಯ್ಲೆಟ್ಟಿನ ಪಾಳಿ ಹೊರಗ ಮೆಟ್ಟಲತನಕ ಬಂದಿತ್ತು, ಪಾಳಿ ಮುಗಿಸಿ ಬರೂದ್ರಾಗ ಪಿಕ್ಚರ್ ಚಾಲೂ ಆಗಿತ್ತು. ಮನಿಂದ ಮಸರ ಬುತ್ತಿ, ಶೇಂಗಾ ಹೋಳಗಿ ಕಟಗೊಂಡು ಹೋಗಿದ್ನಿ, ಒಳಗ ಬಿಡಲಿಲ್ಲ, ಗಾಡ್ಯಾಗ ಇಡಬೇಕಾತು. ಒಂದು ಪಿಕ್ಚರಿಗೆ ಬಂದವ್ರಿಗೆ ಆ ರೂಲ್ ಸರಿ, ಆದ್ರ ಮುಂಜಾನಿಂದ ರಾತ್ರಿತನಕ ಕುಂದ್ರೂ ಕೂಸಿಗೆ ಪಾಪ್‌ಕಾರ್ನ್ ತಿನಿಸಿ ಹೆಂಗ ದಿನಾ ದೂಡೂದು ಹೇಳ್ರಿ? ಏಸಿ ಮತ್ತ ಹಂಗ ಕೊರೀತಿತ್ತು, ಮುಂದ ಹೋಗೂವ್ರು ಒಂದು ಶಾಲ್ ಇಟಗೋರಿ.

ಹುಡುಗನ ಮಾತು ಹೇಳಬೇಕಂದ್ರ, ಎರಡನೇದ್ರಾಗ ನಡುವ ನನ್ನ ತೊಡಿ ಮ್ಯಾಲ ಮಕ್ಕೊಂಡ, ಆ ಗಿಡಗೋಳು ಮಾತಾಡೂ ಮುಂದ. ಹೆಲ್ಮ್ಸ್ ಡೀಪ್ ಯುದ್ಧಕ್ಕ ಎದ್ದ. ಮೂರನೇದ್ರಾಗ ದೊಡ್ಡ ಜ್ಯಾಡ ಬಂದಾಗ ಮಾರಿ ನನ್ನ ಸೆರಗಿನ್ಯಾಗ ಹಾಕ್ಕೊಂಡ, ಸಣ್ಣ ಮಕ್ಕಳಿದ್ದವ್ರು ಅಲ್ಲಿ ಜ್ವಾಕಿ. ಇನ್ನೊಂದು, ಆ ಉಂಗುರದ ಹಿಂದ ಬಿದ್ದ ಗಾಲಮ್ ಮ್ಯಾಲ ಆಂವ್ಗ ಸಿಟ್ಟು ಬರಲಿಲ್ಲ, ಪಾಪ ಅಂದ. ಮೊದಲನೇದ್ರಾಗ ಬರೇ ಕಣ್ಣು, ಕೈ ಅಷ್ಟ ಕತ್ತಲಾಗ ಕಾಣಸ್ತಾವು, ಎರಡನೇದ್ರಾಗ ಪೂರಾ ಕಾಣಸ್ತಾನ, ಮೂರನೇದ್ರ ಸುರೂಕ ಆಂವ ಮೊದಲ ನಮ್ಮಂಗ ಮನಿಷ್ಯಾ ಇದ್ದ, ಮೀನ ಹಿಡೀಲಾಕ ಹೋಗಿದ್ದ ಅಂತ ತಿಳೀತೈತಿ. ಒಂದ ದಿನದಾಗ ನೋಡಿದ್ದಕ್ಕ ಕೂಸಿಗೆ ಅದು ಒಂದಕ್ಕೊಂದು ಕೂಡಿತು. ವರ್ಷಕ್ಕೊಂದು ತೋರಿಸಿದ್ರ ಈ ವಯಸ್ಸಿನ್ಯಾಗ ಎಲ್ಲಿ ನೆಪ್ಪ ಇಡ್ತಾನ.

ಕನ್ನಡದಾಗ ಡಬ್ ಇಲ್ಲಾಂದ್ರ ಕನ್ನಡ ಸಬ್‌ಟೈಟಲ್ ಆದ್ರೂ ಬೇಕಾಗಿತ್ತು. ಹುಡುಗಗ ನಾ ಕಿವ್ಯಾಗ ಹೇಳಕೋತ ಕುಂತೆ, ಬಾಜೂದವ್ರಿಗೆ ತ್ರಾಸ ಆಗಿರಬೇಕು, ಆದ್ರ ಯಾರೂ ಏನೂ ಅನ್ನಲಿಲ್ಲ, ಮುಂದಿನ ಸಾಲಿನ ಹುಡುಗಿ ಹೊಳ್ಳಿ ನೋಡಿ ಜೋರ ಹೇಳ್ರಿ ಅಕ್ಕಾ ನಮಗೂ ತಿಳೀಲಿ ಅಂದ್ಲು.

ಕಿವಿ ತೆರದಾಂವ:
ಯಾರೂ ಮ್ಯೂಸಿಕ್ ಬಗ್ಗೆ ಮಾತ ತಗೀಲಿಲ್ಲಲ್ಲ ಅಂತ ಸಂಕಟ ಆಗಿ ಲಾಗಿನ್ ಆದೆ. ಮ್ಯಾರಥಾನ್ ನೋಡಬೇಕಾದ್ದು ಮ್ಯೂಸಿಕ್ ಕೊಟ್ಟ ಹಾವರ್ಡ್ ಶೋರ್ ಸಲುವಾಗಿ. ಆತ ಊರಿಗೊಂದು, ಕುಲಕ್ಕೊಂದು, ಗುಂಪಿಗೊಂದು ರಾಗ ಕಟ್ಟ್ಯಾನ, ಅವು ಮೂರೂ ಪಿಕ್ಚರಿನ್ಯಾಗ ಅಡ್ಡಾಡ್ತಾವು, ವರ್ಷಕ್ಕೊಂದು ನೋಡಿದ್ರ ಅವು ಕಿವ್ಯಾಗ ಉಳಿಯಂಗಿಲ್ಲ. ಉಂಗುರದ ಜೋಡಿ ಹೊಂಟ ಒಂಬತ್ತು ಮಂದಿ ಗುಂಪಿನ ರಾಗ ತಗೋರಿ. ಮೊದಲ ಫ್ರೋಡೋ ಸ್ಯಾಮ್ ಇಬ್ರ ಊರ ಬಿಟ್ಟಾಗ ಅದು ತುಂಡ ತುಂಡ ಕೇಳಸ್ತೈತಿ. ರಿವೆಂಡೆಲ್ ಅನ್ನೂ ಊರಿನ ಸಭಾದಾಗ ಒಂಬತ್ತೂ ಮಂದಿ ಕೂಡಿದಾಗ ಪೂರಾ ತೆರಕೊಂಡು ಬರ್ತೈತಿ. ಗುಂಪು ಒಡದಮ್ಯಾಲ ರಾಗಾನೂ ಒಡೀತೈತಿ. ಆ ಒಂಬತ್ತರಾಗಿನ ಬೊರೊಮಿರ್ ಆ ಸಭಾದಾಗ ತನ್ನ ನಾಡು ಗೊಂಡೋರ್ ಬಗ್ಗೆ ಮಾತಾಡೂ ಮುಂದ ಒಂದು ಒಂಟಿ ದನಿಯಾಗ ಗೊಂಡೋರ್ ರಾಗ ಸಣ್ಣಗ ಬಂದು ಹೋಗ್ತೈತಿ, ಮುಂಜಾನೆ ಹತ್ತೂವರಿ ಸುಮಾರ. ಅದ ರಾಗ ಸಂಜಿಮುಂದ ಗ್ಯಾಂಡಾಲ್ಫ್ ಕುದುರಿ ಓಡಿಸ್ಕೊಂಡು ಗೊಂಡೋರ್ ರಾಜಧಾನಿ ಮಿನಾಸ್ ತಿರಿತ್ ಏರೂ ಮುಂದ ಪೂರಾ ಆರ್ಕೆಸ್ಟ್ರಾದಾಗ ಬಂತು ನೋಡ್ರಿ, ನನಗ ಮೈ ಝುಮ್ ಅಂತು, ಬೊರೊಮಿರ್ ಇದನ್ನ ನೋಡಾಕ ಇಲ್ಲಲ್ಲ ಅಂತ. ಕುದುರಿ ಸವಾರರ ನಾಡು ರೋಹನ್ ಕಡೆಯವ್ರಿಗೆ ನಾರ್ವೇ ದೇಶದ ಹಾರ್ಡಾಂಗರ್ ಪಿಟೀಲು ಬಾರಿಸ್ಯಾರ, ಆ ದನಿಯೊಳಗನ ಗಾಳಿ ಬೀಸಿದಂಗ ಐತಿ.

ಮತ್ತ ಸೌಂಡ್ ಮಾತು. ಹೆಲ್ಮ್ಸ್ ಡೀಪ್ ಕಿಲ್ಲಾದ ಮುಂದ ಹತ್ತು ಸಾವಿರ ಉರುಕ್‌ಹೈ ರಾಕ್ಷಸರು ನಿಂತು ಈಟಿ ನೆಲಕ್ಕ ಬಡದು ಕೂಗ್ತಾರಲ್ಲ, ಆ ಕೂಗು ಕ್ರಿಕೆಟ್ ಸ್ಟೇಡಿಯಂದು. 2002ರಾಗ ವೆಲ್ಲಿಂಗ್ಟನ್ ಊರಾಗ ನ್ಯೂಜಿಲೆಂಡ್ ಇಂಗ್ಲೆಂಡ್ ಒನ್‌ಡೇ ಮ್ಯಾಚ್ ನಡದಿತ್ತು, ಬ್ರೇಕಿನ್ಯಾಗ ಜಾಕ್ಸನ್ ಗ್ರೌಂಡಿಗೆ ಇಳದು, ಸುಮಾರು 25 ಸಾವಿರ ಮಂದಿಗೆ ಸ್ಕೋರ್‌ಬೋರ್ಡ್ ಮ್ಯಾಲ ಶಬ್ದ ತೋರಿಸಿ, ಕೂಗಿಸಿ, ಕಾಲು ಬಡಿಸಿ ರೆಕಾರ್ಡ್ ಮಾಡ್ಕೊಂಡ. ಮ್ಯಾಚ್ ನೋಡಾಕ ಬಂದ ಮಂದಿ ದನಿ ಪಿಕ್ಚರಿನ್ಯಾಗ ಸೇನಾ ಆತು. ಇದು ಗೊತ್ತಿದ್ದು ಕೇಳಿದ್ರ ಬ್ಯಾರೇನ ಕೇಳಸ್ತೈತಿ. ಅದಕ್ಕ ಥೇಟರಿನವ್ರಿಗೆ ಕೈ ಮುಗದು ಹೇಳ್ತೀನಿ, ವಾಲ್ಯೂಮ್ ಇಳಸಬ್ಯಾಡ್ರಿ. ಎರಡನೇದ್ರಾಗ ಯಾರೋ ಕಂಪ್ಲೇಂಟ್ ಮಾಡಿದ್ರಂತ ಇಳಿಸಿಬಿಟ್ರು, ಮಳಿ ಸಪ್ಪಳಾನೂ ಹೋತು, ಆ ಸೇನಾದ ಎದಿಬಡಿತಾನೂ ಹೋತು.

ಗುಮ್ಮಟದೂರು:
ಕಿವಿ ತೆರದಾಂವ ಅವ್ರ, ಬೊರೊಮಿರ್ ರಾಗದ ಮಾತು ಓದಿ ಈಗ ಎರಡೂ ಸೀನ್ ಹಚ್ಚಿ ಕೇಳಿದೆ. ಅದ ರಾಗನ ಅದ. ಎಷ್ಟ ಸಲ ನೋಡೀನಿ, ಇದು ಕಿವಿಗೆ ಬಿದ್ದಿರಲಿಲ್ಲ. ಗ್ಯಾಂಡಾಲ್ಫ್ ಬಗ್ಗೆ ನನ್ನ ಮಾತು ಬದಲಿಲ್ಲ, ಆದ್ರ ಇದಕ್ಕ ಮ್ಯಾರಥಾನ್ ಬೇಕು ಅನ್ನೂದು ಒಪ್ಪಿದೆ. ಮುಂದಿನ ಸಲ ನಾನೂ ಬರ್ತೀನಿ.

ನವನಗರ:
ಬಾಗಲಕೋಟಿಯಿಂದ. ಇನ್ನೊಮ್ಮೆ ಮಾಡಿದ್ರ ಎಕ್ಸ್‌ಟೆಂಡೆಡ್ ಹಚ್ಚಾಕ ಹೇಳ್ರಿ ಅಣ್ಣಾರ. ಥೇಟರ್ ವರ್ಷನ್ನಿನ ಮೂರನೇದ್ರಾಗ ಸಾರುಮನ್ ಎಲ್ಲಿ ಹೋದ? ಎರಡು ಪಾರ್ಟ್ ದೊಡ್ಡ ವೈರಿಯಾಗಿ ಮೆರದಾವ್ನ, ಗೋಪುರದಾಗ ಅದಾನ ಅಂತ ಒಂದ ಮಾತು ಹೇಳಿ ಮುಂದ ಹೋಗಿಬಿಡ್ತಾರ. ಬಿಡಿ ಬಿಡಿ ನೋಡಿದವ್ರಿಗೆ ಅದು ಹೊಳಿಯಂಗಿಲ್ಲ, ಆದ್ರ ಮ್ಯಾರಥಾನ್‌ನ್ಯಾಗ ಒಂದು ತಾಸಿನ ಹಿಂದಷ್ಟ ನೋಡಿರ್ತೀವಿ, ಕಣ್ಣಿಗೆ ಹೊಡೀತೈತಿ. ಕ್ರಿಸ್ಟೋಫರ್ ಲೀ ಅಂಥಾ ನಟನ ಕಡೀ ಸೀನ್ ಎಕ್ಸ್‌ಟೆಂಡೆಡ್‌ನ್ಯಾಗ ಐತಿ. ಬೊರೊಮಿರ್ ತನ್ನ ಅಪ್ಪ ಮತ್ತ ತಮ್ಮ ಫರಾಮಿರ್ ಜೋಡಿ ಇರೂ ಹಳೇ ಸೀನೂ ಎರಡನೇದ್ರ ಎಕ್ಸ್‌ಟೆಂಡೆಡ್‌ನ್ಯಾಗ ಬರ್ತೈತಿ, ಅದನ್ನ ನೋಡಿದ್ರ ಫರಾಮಿರ್ ಮ್ಯಾಲ ಅಂತಃಕರಣ ದುಪ್ಪಟ್ಟಾಗ್ತೈತಿ.

ಟಿಳಕವಾಡಿ ಟಾಕೀಸ್:
ನವನಗರ ತಮ್ಮಾ, ಸಾರುಮನ್ ಮಾತು ನೂರಕ್ಕ ನೂರು. ಆದ್ರ ಎಕ್ಸ್‌ಟೆಂಡೆಡ್ ಅಂದ್ರ ಬ್ರೇಕ್ ಹಿಡದು ಹದಿಮೂರು ತಾಸಿನ ಮ್ಯಾಲ ಆಗ್ತೈತಿ, ಶಹಾಪುರ ಅಕ್ಕಾರಂಥವ್ರು ಕೂಸು ಕರಕೊಂಡು ಬರಾಕ ಆಗಂಗಿಲ್ಲ. ನನ್ನ ವಿಚಾರ, ಶನಿವಾರ ಸಂಜಿಕ ಒಂದನೇದು, ಐತವಾರ ಮುಂಜಾನಿಂದ ಎರಡು ಮೂರು. ಒಂದ ದಿನದ ಗಟ್ಟಿತನ ಸ್ವಲ್ಪ ಕಡಿಮಿ ಆಗ್ತೈತಿ, ಆದ್ರ ನಡುವ ಒಂದು ರಾತ್ರಿ ಸಿಗ್ತೈತಿ, ಗುಮ್ಮಟದೂರು ಸರಗ ಗ್ಯಾಂಡಾಲ್ಫ್ ಸಲುವಾಗಿ ದುಃಖ ಪಡಾಕ ಟೈಮೂ ಸಿಕ್ಕಂಗಾತು.

ಥೇಟರ್ ಮ್ಯಾನೇಜರ್‌ಗೆ ಕೂಡಿ ಒಂದು ಅರ್ಜಿ ಕೊಡೂಣು. ಊಟದ ಬ್ರೇಕ್ ಒಂದು ತಾಸು, ಪಿಕ್ಚರ್ ಲೇಟ್ ಆದ್ರೂ ಅದನ್ನ ಕತ್ತರಸಬಾರ್ದು. ಮನಿ ಬುತ್ತಿ ಹೊರಗ ವರಾಂಡಾದಾಗ ಕುಂತು ತಿನ್ನಾಕ ಬಿಡಬೇಕು. ವಾಲ್ಯೂಮ್ ಮುಟ್ಟಬಾರ್ದು, ಕ್ರೆಡಿಟ್ಸ್ ಪೂರಾ ಓಡಬೇಕು, ಮುಂದಿನ ಶೋ ಅರ್ಧ ತಾಸು ಮುಂದ ಹಾಕ್ರಿ ಅಂತ ಮೊದಲ ಹೇಳಿ ಇಡೂಣು. ಕಾಕಾ, ಹಳೇ ಆಪರೇಟರ್ ಕಾಕಾ, ನೀವೂ ನಮ್ಮ ಜೋಡಿ ಬಂದ್ರ ಮ್ಯಾನೇಜರ್ ಮಾತು ಕೇಳ್ತಾನ, ಕ್ಯಾಬಿನ್ನಿನ ಭಾಷಾ ನಿಮಗ ಗೊತ್ತು.

ಹಳೇ ಆಪರೇಟರ್:
ಬರ್ತೀನಪಾ. ಮಂಗಳವಾರ ಬಿಟ್ಟು ಯಾವಾಗ ಅಂದ್ರೂ ಬರ್ತೀನಿ. ಹಿಂದಿನ ದಿನಾ ಟೆಸ್ಟ್ ಹಚ್ಚಿದಾಗ ನಾನೂ ಬಂದು ನಿಂದರ್ತೀನಿ ಅಂತ ಹೇಳ್ರಿ, ರೊಕ್ಕ ಏನೂ ಬ್ಯಾಡ.

ನವನಗರ:
ಶನಿವಾರ ಐತವಾರ ಆದ್ರ ನಮಗ ಅಗದಿ ಚಲೋ ಆತು, ಲೋಕಾಪುರ ಯರಗಟ್ಟಿ ಮ್ಯಾಲ ಬರೂ ಬಸ್ಸಿಗೆ ಮಧ್ಯಾಹ್ನ ಹತ್ತಿದ್ರ ಸಂಜಿ ಶೋ ಸಿಗ್ತೈತಿ. ಲೋಕಾಪುರ ಮಂದಿ ಅಣ್ಣಾರ, ನೀವು ಅಲ್ಲೇ ಹತ್ರಿ, ಕೂಡೇ ಹೋಗೂಣು. ಶನಿವಾರ ರಾತ್ರಿ ಮಲಗಾಕ ಬಸ್‌ಸ್ಟ್ಯಾಂಡ್ ಹತ್ರ ಸಸ್ತಾ ಲಾಡ್ಜ್ ಯಾವುದರ ಇದ್ರ ಬೆಳಗಾವಿಯವ್ರು ಹೇಳ್ರಿ, ನಾವು ನಾಕು ಮಂದಿ ಆಗ್ತೀವಿ.

ಶಹಾಪುರದ ಅವ್ವ:
ಲಾಡ್ಜ್ ಯಾಕ್ರಿ, ನಮ್ಮ ಮ್ಯಾಲಿನ ಖೋಲಿ ಖಾಲಿನ ಐತಿ. ಐತವಾರ ಬುತ್ತೀನೂ ಎಲ್ಲಾರಿಗೂ ಕಟ್ಟತೀನಿ, ಖಾರ ಎಷ್ಟ ಅಂತ ಅಷ್ಟ ಮೊದಲ ಹೇಳ್ರಿ.